ಭಾರತಮ್ಮನವರ ಕಪ್ಪು ಚೌಕ

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದೆ, ಮಾವಿನ ಕ್ರೇಟು ಬಾಡಿಗೆಗೆ ಕೊಡುವ ಅಂಗಡಿಯ ಪಕ್ಕ, ತಗಡು ಹೊದಿಸಿದ ಉದ್ದನೆಯ ಕೋಣೆಯೊಂದಿದೆ. ‘ತೋಪಿನ ಸುದ್ದಿ’ ವಾರಪತ್ರಿಕೆಯ ಕಚೇರಿಯೂ ಅದೇ, ಅಚ್ಚಿನ ಮನೆಯೂ ಅದೇ. ಪತ್ರಿಕೆಯ ಒಡತಿ, ಸಂಪಾದಕಿ, ಸುದ್ದಿ ಹುಡುಕುವವರು, ಬರೆಯುವವರು, ತಿದ್ದುವವರು ಎಲ್ಲ ಭಾರತಮ್ಮ ಒಬ್ಬರೇ. ನಾನು ಆಂಜಿನಪ್ಪ. ಪ್ರತಿ ಶುಕ್ರವಾರ ಆ ಪತ್ರಿಕೆಯ ಕಟ್ಟುಗಳನ್ನು ನನ್ನ ಲಗೇಜ್ ಆಟೊದಲ್ಲಿ ಹಾಕಿಕೊಂಡು ಮುಳಬಾಗಿಲು, ಕೋಲಾರ, ಮಾಲೂರು ಸುತ್ತುತ್ತೇನೆ. ಮಿಕ್ಕ ದಿನ ಟೊಮೆಟೊ, ಬೀನ್ಸು, ಮಾವು, ಯಾರು ಕರೆದರೆ ಅವರ ಮಾಲು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಇನ್ನೊಬ್ಬರ ಬದುಕು ಬರೆಯಲು ಕೂತಿದ್ದಾನೆ ಎಂದು ಯಾರಾದರೂ ನಗುವುದಿದ್ದರೆ ನಗಲಿ. ಕೋರ್ಟಿಗೆ ಹೋದವರು ಅವರು, ಜೊತೆಗೆ ಹೋದವನು ನಾನು. ಮತ್ತೆ ಯಾರು ಬರೆಯಬೇಕು?

ಭಾರತಮ್ಮನ ತೌರು ಆವನಿ. ಅಲ್ಲಿ ಅವರ ಮನೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿನ ತಟ್ಟೆಗೆ ಹಾಸಲು ಅವರಪ್ಪ ಹಳೇ ಪೇಪರನ್ನು ತೂಕದ ಲೆಕ್ಕದಲ್ಲಿ ತರುತ್ತಿದ್ದರಂತೆ. ಓದು ನಿಲ್ಲಿಸಿ ಮನೆಯಲ್ಲಿದ್ದ ಹುಡುಗಿ ಹಾಸುವ ಮುಂಚೆ ಒಂದೊಂದು ಹಾಳೆಯನ್ನೂ ಓದುತ್ತಿದ್ದಳು. ಯಾವುದೋ ಊರಿನ ಕೊಲೆ ಮೊಕದ್ದಮೆ ಅರ್ಧಕ್ಕೆ ನಿಂತು ‘ಆರನೇ ಪುಟಕ್ಕೆ’ ಎಂದಿರುತ್ತಿತ್ತು. ಆರನೇ ಪುಟ ಹುಳುಗಳ ಕೆಳಗೆ ಸೇರಿಬಿಟ್ಟಿರುತ್ತಿತ್ತು.

“ಸೊಪ್ಪು ತಿಂತಾ ಇರೋ ಹುಳಾನ ಆ ಕಡೆ ತಳ್ಬಿಟ್ಟು ಪೇಪರ್ ಎಳೀತಿದ್ದೆ ಕಣೋ” ಎಂದು ಒಮ್ಮೆ ನನಗೆ ಹೇಳಿದ್ದರು. “ನಮ್ಮಮ್ಮ ಸೊಪ್ಪಿನ ಕಡ್ಡೀಲೇ ಬಾರಿಸೋಳು. ಏಟು ಬಿದ್ರೂ ಸರಿ, ಕೊಂದೋನು ಯಾರು ಅಂತ ಗೊತ್ತಾಗ್ಬೇಕಿತ್ತು.”

“ಗೊತ್ತಾಯ್ತಾ?”

“ಎಲ್ಲಿ? ಹುಳ ಹಿಕ್ಕೆ ಹಾಕಿ ಅಕ್ಷರ ಎಲ್ಲಾ ಕೆಟ್ಟೋಗಿತ್ತು.”

ಅವರ ಗಂಡ ಚೌಡಪ್ಪನವರು ಶ್ರೀನಿವಾಸಪುರದಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಮಾಡುತ್ತಿದ್ದವರು. ಪತ್ರಿಕೆ ಶುರು ಮಾಡಿದವರೂ ಅವರೇ. ಅವರು ಹೃದಯಾಘಾತದಲ್ಲಿ ಹೋದಾಗ ಊರಿನವರೆಲ್ಲ ಮೆಷಿನ್ ಮಾರಾಟಕ್ಕೆ ಬರುತ್ತದೆ ಎಂದುಕೊಂಡರು. ಕೋಲಾರದಿಂದ ಒಬ್ಬ ಬೆಲೆ ಕೇಳಲೂ ಬಂದಿದ್ದ. ವೈಕುಂಠ ಸಮಾರಾಧನೆ ಮುಗಿದ ವಾರವೇ ಪತ್ರಿಕೆ ಮತ್ತೆ ಹೊರಬಂತು. ಕೊನೆಯ ಪುಟದ ಕೆಳಗೆ ‘ಮಾಲೀಕರು, ಮುದ್ರಕರು, ಪ್ರಕಾಶಕರು ಮತ್ತು ಸಂಪಾದಕರು’ ಎಂದಿದ್ದ ಕಡೆ ಗಂಡನ ಹೆಸರು ಹೋಗಿ ಹೆಂಡತಿಯ ಹೆಸರು ಬಂದಿತ್ತು. ಆ ಸಣ್ಣ ಸಾಲನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಕೋರ್ಟಿನವರು ಮಾತ್ರ ಮೊದಲು ಓದುವುದೇ ಅದನ್ನು ಎಂದು ಆಮೇಲೆ ತಿಳಿಯಿತು.

ಕಳೆದ ಮಾವಿನ ಸುಗ್ಗಿಯಲ್ಲಿ ಭಾರತಮ್ಮ ವ್ಯಾಪಾರಿ ದೊಡ್ಡನಾರಾಯಣಪ್ಪನವರ ಮಾವಿನ ಮಂಡಿಯ ಮೇಲೆ ಒಂದು ಲೇಖನ ಬರೆದರು. ಕಾಯಿಯನ್ನು ಬೇಗ ಹಣ್ಣು ಮಾಡಲು ಅಲ್ಲಿ ಬಳಸಬಾರದ ಪುಡಿ ಬಳಸುತ್ತಾರೆ, ಹಮಾಲಿಗಳ ಕೈ ಸುಟ್ಟಿದೆ ಎಂಬುದು ಅದರ ಸಾರ. ಅವರೇ ಬೆಳಗಿನ ಜಾವ ಹಮಾಲಿ ಹೆಂಗಸರ ಜೊತೆ ಮಂಡಿಯೊಳಗೆ ಹೋಗಿ ನೋಡಿ ಬಂದಿದ್ದರು. ಪತ್ರಿಕೆ ಹೊರಬರುವ ಮುಂಚೆಯೇ ದೊಡ್ಡನಾರಾಯಣಪ್ಪನವರಿಗೆ ಸುಳಿವು ಹತ್ತಿತು. ಇದೆಲ್ಲ ಸುಳ್ಳು, ನನ್ನ ಹೆಸರು ಕೆಡಿಸುವ ಕೆಲಸ ಎಂದು ಅವರು ಕೋರ್ಟಿಗೆ ಹೋದರು.

ಇಲ್ಲೊಂದು ವಿಷಯ ಹೇಳಬೇಕು. ‘ತೋಪಿನ ಸುದ್ದಿ’ ಎಂಟು ಪುಟದ ಪತ್ರಿಕೆ. ಮೆಷಿನ್ ಹಳೆಯದು, ಮಸಿ ಒಣಗುವುದು ನಿಧಾನ. ಅದಕ್ಕೇ ಒಳಗಿನ ಹಾಳೆಯನ್ನು ಮಂಗಳವಾರವೇ ಅಚ್ಚು ಮಾಡಿ ಒಣಗಲು ಹಾಕುತ್ತಾರೆ. ಮುಖಪುಟ ಇರುವ ಹೊರಗಿನ ಹಾಳೆ ಗುರುವಾರ. ಎರಡನ್ನೂ ಸೇರಿಸಿ ಮಡಚಿ ಶುಕ್ರವಾರ ಬೆಳಿಗ್ಗೆ ನನ್ನ ಕೈಗೆ ಕೊಡುತ್ತಾರೆ. ಮಂಡಿಯ ಲೇಖನ ಒಳಹಾಳೆಯಲ್ಲಿತ್ತು. ಅದರ ಹಿಂಬದಿಯಲ್ಲಿ ಮೂರು ಮನೆಯವರು ಕೊಟ್ಟ ಪುಣ್ಯಸ್ಮರಣೆಯ ಜಾಹೀರಾತುಗಳಿದ್ದವು.

ಬುಧವಾರ ಸಂಜೆ ಕೋರ್ಟಿನ ಅಮೀನರು ಬಂದು ತಡೆಯಾಜ್ಞೆ ಕೊಟ್ಟರು. ದಾವೆ ಮುಗಿಯುವ ತನಕ ದೊಡ್ಡನಾರಾಯಣಪ್ಪನವರ ಮಂಡಿಯಲ್ಲಿ ಹಣ್ಣು ಮಾಡುವ ಬಗ್ಗೆ ಏನನ್ನೂ ಅಚ್ಚು ಮಾಡಬಾರದು, ಮಾರಬಾರದು, ಹಂಚಬಾರದು. ನಾನು ಆಗ ಅಲ್ಲೇ ಇದ್ದೆ, ರಕ್ತ ಕುದಿಯಿತು.

“ನಿನ್ನೆ ಬರೋಕೆ ಏನಾಗಿತ್ರೀ ನಿಮ್ಗೆ? ಎಲ್ಲಾ ಅಚ್ಚಾದ್ಮೇಲೆ ಬಂದು ಬ್ಯಾಡ ಅಂತೀರಲ್ಲ, ತಮಾಷೆನಾ?”

“ನಂಗ್ಯಾಕ್ ಬೈತೀಯಪ್ಪಾ? ನಾನು ತಂದು ಕೊಡೋನು ಅಷ್ಟೇ, ನಿನ್ ಆಟೊ ಥರ” ಎಂದರು ಅಮೀನರು.

ಅಮೀನರು ಹೋದ ಮೇಲೆ ಭಾರತಮ್ಮ ಒಣಗುತ್ತಿದ್ದ ಹಾಳೆಗಳ ರಾಶಿಯ ಮುಂದೆ ನಿಂತರು. ಒಳಹಾಳೆಯನ್ನು ಹೊಸದಾಗಿ ಅಚ್ಚು ಮಾಡಲು ಕಾಗದ ಇರಲಿಲ್ಲ, ಇದ್ದದ್ದು ಹೊರಹಾಳೆಗೆ ಮಾತ್ರ, ಹೊಸ ಲೋಡು ಬರಬೇಕಿದ್ದುದು ಸೋಮವಾರ. ಒಳಹಾಳೆ ಇಲ್ಲದೆ ಬರೀ ಹೊರಹಾಳೆ ಹಂಚೋಣವೆಂದರೆ ಪುಣ್ಯಸ್ಮರಣೆಯ ತಿಥಿ ಆ ವಾರವೇ. ತಿಥಿ ಕಳೆದ ಮೇಲೆ ಫೋಟೊ ಬಂದರೆ ಆ ಮನೆಗಳವರು ಸುಮ್ಮನಿರುತ್ತಾರೆಯೇ?

ಮೆಷಿನ್ ನಡೆಸುವ ಪೆದ್ದಪ್ಪ ಮಸಿಕೈ ಒರೆಸಿಕೊಳ್ಳುತ್ತಾ ಬಂದ. ಅವನು ಗಡಿಯ ಕಡೆಯವನು, ಬಾಯಲ್ಲಿ ಅರ್ಧ ತೆಲುಗು.

“ಏಮಕ್ಕಾ, ಇದಕ್ಕೆ ಇಷ್ಟು ಯೋಚ್ನೆನಾ? ಒಂದು ಪ್ಲೇಟು ಪೂರ್ತಿ ಕರೀದು ಮಾಡ್ತೀನಿ. ಲೇಖನದ ಮೇಲೆ ಇನ್ನೊಂದ್ಸಲ ಓಡಿಸ್ತೀನಿ. ಅಂತಾ ನಲ್ಲಗಾ ಅಯಿಪೋತುಂದಿ, ಎಲ್ಲಾ ಕರ್ರಗಾಗೋಗುತ್ತೆ. ಕೋರ್ಟೋರು ಮುಚ್ಚು ಅಂದ್ರು, ಮುಚ್ಚಿದ್ವಿ!”

ನನಗೂ ಅದು ಸರಿಯಾಗಿಯೇ ಕಂಡಿತು. ಗುರುವಾರ ಪೆದ್ದಪ್ಪ ಹಾಗೆಯೇ ಮಾಡಿದ. ಲೇಖನ ಇದ್ದ ಜಾಗದಲ್ಲಿ ಕಾಲು ಪುಟದಷ್ಟು ಕಪ್ಪು ಚೌಕ. ಭಾರತಮ್ಮ ಮೊದಲ ಪ್ರತಿಯನ್ನು ಎತ್ತಿಕೊಂಡು ಕಿಟಕಿಯ ಕಡೆ ಹೋದರು. ಸ್ವಲ್ಪ ಹೊತ್ತು ನಿಂತು ವಾಪಸು ಬಂದು “ಓಡ್ಸು ಪೆದ್ದಪ್ಪಾ” ಎಂದರು. ಅಷ್ಟೇ.

ಶುಕ್ರವಾರ ಮೊದಲ ಕಟ್ಟು ಇಳಿಸಿದ್ದು ಮುಳಬಾಗಿಲಲ್ಲಿ. ಚಹಾ ಅಂಗಡಿಯಲ್ಲಿ ಒಬ್ಬ ಪತ್ರಿಕೆ ಬಿಡಿಸಿ, ಕಪ್ಪು ಚೌಕ ನೋಡಿ, ಇದೇನ್ಲಾ ಇದು ಎಂದು ತಿರುಗಿಸಿದ. ಬಿಸಿಲು ಓರೆಯಾಗಿ ಬಿತ್ತು. “ಲೇ, ಅಕ್ಷರ ಹೊಳೀತಾ ಐತೆ!” ಎಂದು ಕೂಗಿದ. ಕಪ್ಪಿನ ಕೆಳಗಿದ್ದ ಅಕ್ಷರದ ಮೇಲೆ ಮಸಿ ಎರಡು ಸಲ ಕೂತಿತ್ತಲ್ಲ, ಅದು ಬೇರೆಯೇ ಮಿಂಚುತ್ತಿತ್ತು. ಪತ್ರಿಕೆಯನ್ನು ನೇರವಾಗಿ ಹಿಡಿದರೆ ಬರೀ ಕಪ್ಪು, ಓರೆ ಹಿಡಿದರೆ ಒಂದೊಂದು ಸಾಲೂ ಎದ್ದು ಕಾಣುತ್ತಿತ್ತು.

ನಾನು ಕೋಲಾರ ತಲುಪುವ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಬಸ್ ನಿಲ್ದಾಣದಲ್ಲಿ ಗಂಡಸರು, ಹೆಂಗಸರು, ಕಾಲೇಜು ಹುಡುಗಿಯರು ಎಲ್ಲ ಎಕ್ಸ್‌ರೇ ನೋಡುವ ಡಾಕ್ಟರುಗಳ ಹಾಗೆ ಪತ್ರಿಕೆಯನ್ನು ಎತ್ತಿ ಓಲಾಡಿಸುತ್ತಿದ್ದರು. ಫೋನಿನಲ್ಲಿ ಫೋಟೊ ಹೊಡೆದರೆ ಬರೀ ಕಪ್ಪೇ ಬರುತ್ತಿತ್ತು, ಹಾಗಾಗಿ ಕಳಿಸಲು ಆಗುತ್ತಿರಲಿಲ್ಲ. ಪತ್ರಿಕೆಯನ್ನೇ ಕೊಳ್ಳಬೇಕಿತ್ತು. ಟೇಕಲ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕರು ಸೊಸೆಗೆ ಪತ್ರಿಕೆ ಹಿಡಿಯಲು ಹೇಳಿ, ತಾವು ತಲೆ ಓರೆ ಮಾಡಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಸುತ್ತ ಹತ್ತು ಜನ. ರೈಲು ಬಂದರೂ ಇಬ್ಬರು ಹತ್ತಲಿಲ್ಲ, ಮುಗಿಯಲಿ ತಾಳಿ ಎಂದರು. ಬೇರೆ ವಾರ ಆ ಪುಟದಲ್ಲಿ ವಡೆ ಕಟ್ಟಿಸಿಕೊಳ್ಳುತ್ತಿದ್ದ ಜನ!

ಮಾಲೂರಿನ ಏಜೆಂಟ್ ಇನ್ನೂ ಎರಡು ಕಟ್ಟು ಬೇಕೆಂದ. ಇಲ್ಲ ಎಂದೆ. ಅವನಿಗೆ ಕೋಪ, ನನಗೆ ಅದಕ್ಕಿಂತ ಕೋಪ. ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಕಿಟಕಿಯ ಹತ್ತಿರ ನಿಂತಾಗ ಭಾರತಮ್ಮನಿಗೆ ಇದು ಕಂಡಿತ್ತೋ ಇಲ್ಲವೋ?

ಕೇಳಿಯೇಬಿಟ್ಟೆ. “ಅಕ್ಕಾ, ಹೊಳೆಯೋದು ನಿಂಗೆ ಗೊತ್ತಿತ್ತಾ?”

“ಕಟ್ಟು ಎಲ್ಲಾ ಖರ್ಚಾಯ್ತಾ?” ಎಂದು ಅವರು ಬೇರೆಯದನ್ನೇ ಕೇಳಿದರು.

ಮಾವಿನ ಸುಗ್ಗಿ ಮುಗಿದು ಮಳೆ ಹಿಡಿದಿದ್ದಾಗ ಬೆಂಗಳೂರಿನ ಹೈಕೋರ್ಟಿನಿಂದ ನೋಟಿಸು ಬಂತು. ತಡೆಯಾಜ್ಞೆ ಮೀರಿ ಪ್ರಕಟಿಸಿದ್ದೀರಿ, ಇದು ನ್ಯಾಯಾಲಯದ ನಿಂದನೆ, ಖುದ್ದಾಗಿ ಹಾಜರಾಗಬೇಕು. ನಾವು ಕೋಲಾರದ ಲಾಯರ್ ಸುನಂದ ಮೇಡಂ ಹತ್ತಿರ ಹೋದೆವು. ಅವರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ದೀಪದ ಕೆಳಗೆ ಓರೆ ಮಾಡಿ ಓದಿ, ಪೂರ್ತಿ ಓದಿದ ಮೇಲೆಯೇ ತಲೆ ಎತ್ತಿದರು.

“ಚೆನ್ನಾಗ್ ಬರ್ದಿದ್ದೀರ. ಅದೇ ಕಷ್ಟ.”

“ಏನ್ ಶಿಕ್ಷೆ ಮೇಡಂ ಇದಕ್ಕೆ?” ಎಂದೆ.

“ಆರು ತಿಂಗಳವರೆಗೂ ಸಾದಾ ಜೈಲು. ಎರಡು ಸಾವಿರದವರೆಗೂ ದಂಡ. ಇಲ್ಲಾ ಎರಡೂ. ಕ್ಷಮೆ ಕೇಳಿದ್ರೆ, ಅದು ಮನಸ್ಸಿಂದ ಬಂದಿದೆ ಅಂತ ಕೋರ್ಟಿಗೆ ಅನ್ನಿಸಿದ್ರೆ ಬಿಟ್ಟೂ ಬಿಡ್ಬಹುದು.”

“ಎರಡೇ ಸಾವಿರನಾ? ನನ್ ಆಟೊಗೆ ಇನ್ಶೂರೆನ್ಸ್ ಇಲ್ಲ ಅಂದ್ರೂ ಅಷ್ಟೇ ಹಾಕ್ತಾರೆ! ದಿನಾ ಕಿರುಚಾಡೋ ದೊಡ್ಡ ದೊಡ್ಡ ಟಿವಿಯೋರಿಗೂ ಇಷ್ಟೇನಾ?”

“ಕಾನೂನಲ್ಲಿ ಬರ್ದಿರೋ ದಂಡ ಎಲ್ಲಾರ್ಗೂ ಒಂದೇ. ಕೇಸಿನ ಖರ್ಚು ಕಟ್ಟಿ ಅಂತ ಬೇರೆ ಹೇಳ್ಬಹುದು. ದೊಡ್ಡೋರಿಗೆ ಭಯ ದಂಡದ್ದಲ್ಲ, ಜೈಲಿಂದು.”

ನನ್ನ ತಲೆಗೆ ಅದು ಹೋಗಲಿಲ್ಲ. “ತಪ್ಪು ಮಾಡಿರೋದು ಪತ್ರಿಕೆ ಅಂತೀರ. ಪತ್ರಿಕೆ ಜೈಲಿಗೆ ಹೋಗೋದು ಹೆಂಗೆ? ಮೆಷಿನ್ ಎತ್ಕೊಂಡು ಹೋಗ್ತಾರಾ? ಕಾಗದದ ಹೊರೆ ಒಳಗೆ ಹಾಕ್ತಾರಾ?”

ಸುನಂದ ಮೇಡಂ ನಕ್ಕರು. “ಕಂಪನಿ ತಪ್ಪು ಮಾಡಿದ್ರೆ, ಆ ಹೊತ್ತಲ್ಲಿ ಅದನ್ನ ನಡೆಸ್ತಾ ಇದ್ದೋರು ಯಾರೋ ಅವ್ರು ಹೋಗ್ತಾರೆ. ದೊಡ್ಡ ಸಂಸ್ಥೇಲಿ ನಾನಲ್ಲ, ಅವ್ನು ಅಂತ ಬೆರಳು ತೋರ್ಸೋಕೆ ಜನ ಇರ್ತಾರೆ. ಇಲ್ಲಿ ಯಾರಿದ್ದಾರೆ?” ಪತ್ರಿಕೆ ಮಗುಚಿ ಕೊನೆಯ ಪುಟದ ಸಣ್ಣ ಸಾಲಿನ ಮೇಲೆ ಬೆರಳಿಟ್ಟರು. ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು. ನಾಲ್ಕಕ್ಕೂ ಒಂದೇ ಹೆಸರು.

ಭಾರತಮ್ಮ ಬಗ್ಗಿ ಆ ಸಾಲನ್ನು ತಾವೇ ಹೊಸದಾಗಿ ನೋಡುವವರಂತೆ ನೋಡಿದರು.

“ಒಂದೇ ದಾರಿ” ಎಂದರು ಮೇಡಂ. “ಬೇಷರತ್ತಾಗಿ ಕ್ಷಮೆ ಕೇಳ್ತಾ ಅಫಿಡವಿಟ್ ಹಾಕೋಣ. ಜಡ್ಜ್ ಏನಾದ್ರೂ ಕೇಳಿದ್ರೆ, ಕಪ್ಪು ಹಾಕಿದ್ರೆ ಮುಚ್ಚಿಹೋಗುತ್ತೆ ಅಂದ್ಕೊಂಡಿದ್ದೆ, ಹೊಳೆಯೋದು ಗೊತ್ತಿರ್ಲಿಲ್ಲ ಅನ್ನಿ. ಸಾಕು. ಗೊತ್ತಿದ್ದೂ ಬಿಟ್ರಿ ಅಂತಾದ್ರೆ ನನ್ ಕೈಲಿ ಏನೂ ಇರಲ್ಲ.”

ಭಾರತಮ್ಮ ಕ್ಷಮೆಯ ಕಾಗದಕ್ಕೆ ಸಹಿ ಹಾಕಿದರು. ಇನ್ನೊಂದರ ಬಗ್ಗೆ ಹೂಂ ಎನ್ನಲೂ ಇಲ್ಲ, ಉಹುಂ ಎನ್ನಲೂ ಇಲ್ಲ.

ಊರಿನಲ್ಲಿ ಪೆದ್ದಪ್ಪ ಊಟ ಬಿಟ್ಟಿದ್ದ. ಕರಿ ಬಳಿದವನು ತಾನು, ಪೊಲೀಸರು ತನ್ನನ್ನೇ ಹಿಡಿಯುತ್ತಾರೆ ಎಂಬ ಭಯ. “ಅಕ್ಕಾ, ನನ್ ಮೇಲೆ ಹಾಕ್ಬಿಡು. ಮುದುಕ, ಕಣ್ಣು ಮಂಜು ಅಂತ ಹೇಳು” ಎಂದ.

“ನಿನ್ ಹೆಸ್ರು ಎಲ್ಲೂ ಇಲ್ವಲ್ಲೋ ಪೆದ್ದಪ್ಪಾ. ಇಷ್ಟು ವರ್ಷ ಹಾಕ್ಲಿಲ್ಲ, ಈಗ ಜೈಲಿಗೆ ಅಂತ ಹಾಕ್ಲಾ? ಹೋಗಿ ಉಣ್ಣು.”

ತಾರೀಕಿನ ದಿನ ಕೋಲಾರದಲ್ಲಿ ಆಟೊ ನಿಲ್ಲಿಸಿ ಬೆಂಗಳೂರಿನ ಬಸ್ಸು ಹತ್ತಿದೆವು. ಭಾರತಮ್ಮನ ಮಡಿಲಲ್ಲಿ ಬಟ್ಟೆಯ ಚೀಲ. ಒಳಗೆ ಎರಡು ಸೀರೆ, ಟವೆಲ್, ಮಾತ್ರೆಗಳು. ಜೈಲಿಗೆ ಹಾಕಿದರೆ ಬೇಕಾಗುತ್ತದೆ ಎಂದು ತಂದಿದ್ದರು.

“ಅಕ್ಕಾ, ಗೊತ್ತಿರ್ಲಿಲ್ಲ ಅಂದ್ಬಿಡು. ಒಂದು ಮಾತು. ಆರು ತಿಂಗಳು ನೀನು ಒಳಗಿದ್ರೆ ಪತ್ರಿಕೆ ಯಾರು ತರ್ತಾರೆ? ನಿಂತೇ ಹೋಗುತ್ತೆ.”

“ಜೈಲಲ್ಲಿ ಪೇಪರ್ ಕೊಡ್ತಾರಂತಾ?” ಎಂದರು ಅವರು.

“ತೂ! ನಾನೇನ್ ಹೇಳ್ತಾ ಇದೀನಿ, ನೀನೇನ್ ಕೇಳ್ತಾ ಇದೀಯ!” ನನ್ನ ಕೂಗಿಗೆ ಬಸ್ಸಿನಲ್ಲಿ ಎಲ್ಲರೂ ತಿರುಗಿದರು.

ಕೋರ್ಟಿನ ಕೋಣೆಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಪಕ್ಕಪಕ್ಕದಲ್ಲಿ ಕೂತಿದ್ದರು. ದೊಡ್ಡನಾರಾಯಣಪ್ಪನವರೂ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನಮ್ಮ ಕೇಸು ಕೂಗಿದರು. ಆ ಕಡೆಯ ಲಾಯರು ಇಂಗ್ಲಿಷಿನಲ್ಲಿ ಏನೋ ಹೇಳಿ ಪತ್ರಿಕೆಯ ಪ್ರತಿಯನ್ನು ಮೇಲಕ್ಕೆ ಕೊಟ್ಟರು. ಹಿರಿಯ ನ್ಯಾಯಮೂರ್ತಿಗಳು ಕಪ್ಪು ಚೌಕವನ್ನು ನೇರವಾಗಿ ನೋಡಿದರು, ಕನ್ನಡಕ ತೆಗೆದು ನೋಡಿದರು. ಆಮೇಲೆ ಮೇಜಿನ ದೀಪ ಹತ್ತಿರಕ್ಕೆ ಎಳೆದುಕೊಂಡು ಹಾಳೆಯನ್ನು ಓರೆ ಮಾಡಿದರು. ಪಕ್ಕದವರೂ ಬಗ್ಗಿದರು. ಮುಳಬಾಗಿಲಿನ ಚಹಾ ಅಂಗಡಿಯಲ್ಲಿ ನಡೆದದ್ದೇ ಅಲ್ಲಿಯೂ ನಡೆಯಿತು. ಇಬ್ಬರೂ ಕೊನೆಯ ಸಾಲಿನ ತನಕ ಓದಿದರು, ಕೋಣೆ ಪೂರ್ತಿ ಕಾಯುತ್ತಿತ್ತು.

ಹಿರಿಯರು ಕನ್ನಡಕ್ಕೆ ತಿರುಗಿದರು. “ನೀವೇನಾ ಸಂಪಾದಕರು?”

“ಹೌದು ಸ್ವಾಮಿ.”

“ಕೋರ್ಟು ಬೇಡ ಅಂದಿತ್ತು. ನೀವು ಕಪ್ಪು ಬಳಿದ್ರಿ. ಬಳಿದ್ಮೇಲೂ ಹೀಗೆ ಹಿಡಿದ್ರೆ ಓದಬಹುದು. ಹಂಚೋ ಮುಂಚೆ ಇದು ನಿಮಗೆ ಗೊತ್ತಿತ್ತಾ?”

ಸುನಂದ ಮೇಡಂ ಭಾರತಮ್ಮನ ಕಡೆಗೆ ತಿರುಗಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಗೊತ್ತಿರಲಿಲ್ಲ ಎನ್ನಲಿ ದೇವರೇ ಎಂದೂ ಅನ್ನಿಸುತ್ತಿತ್ತು, ನಿಜ ಏನೆಂದು ತಿಳಿಯಲಿ ಎಂದೂ ಅನ್ನಿಸುತ್ತಿತ್ತು.

“ಗೊತ್ತಿತ್ತು ಸ್ವಾಮಿ” ಎಂದರು ಭಾರತಮ್ಮ.

ಮೇಡಂ ಕಣ್ಣು ಮುಚ್ಚಿಕೊಂಡರು.

“ಮೊದಲನೇ ಪ್ರತಿ ಕಿಟಕಿ ಹತ್ರ ಹಿಡ್ದಾಗ್ಲೇ ಹೊಳೀತು. ನಿಲ್ಸು ಅನ್ಬೇಕಾಗಿತ್ತು. ಅನ್ನಲಿಲ್ಲ.”

“ಯಾಕೆ?”

“ಹಿಂದ್ಗಡೆ ಪುಣ್ಯಸ್ಮರಣೆ ಫೋಟೊಗಳಿದ್ವು. ಅದೊಂದು. ಇನ್ನೊಂದು, ಇಷ್ಟು ಕಷ್ಟಪಟ್ಟು ಯಾರಾದ್ರೂ ಓದ್ತಾರಾ ಅಂತ ನೋಡೋ ಆಸೆ. ನಾವು ಬರ್ದಿದ್ದನ್ನ ಜನ ಓದ್ತಾರೋ, ಬರೀ ಮಂಡಿ ರೇಟ್ ನೋಡಿ ಬಿಸಾಕ್ತಾರೋ ಯಾವತ್ತೂ ಗೊತ್ತಾಗಲ್ಲ ಸ್ವಾಮಿ. ಆವತ್ತು ಗೊತ್ತಾಯ್ತು. ಆದ್ರೂ ಕೋರ್ಟ್ ಮಾತು ಮೀರಿದ್ದು ತಪ್ಪೇ. ಕ್ಷಮೆ ಕೇಳ್ತೀನಿ. ಗೊತ್ತಿರ್ಲಿಲ್ಲ ಅಂತ ಹೇಳೋಕೆ ಮಾತ್ರ ಆಗಲ್ಲ.”

ದೊಡ್ಡನಾರಾಯಣಪ್ಪನವರ ಮುಖ ಅರಳಿತು. ಇಬ್ಬರು ನ್ಯಾಯಮೂರ್ತಿಗಳೂ ತಲೆ ಹತ್ತಿರ ತಂದು ಮಾತಾಡಿಕೊಂಡರು.

“ನೋಡಮ್ಮ” ಎಂದರು ಹಿರಿಯರು. “ಆ ತಡೆಯಾಜ್ಞೆ ತಪ್ಪು ಅನ್ನಿಸಿದ್ರೆ, ಅದನ್ನ ತೆಗೀರಿ ಅಂತ ಮಾರನೇ ದಿನವೇ ಕೋರ್ಟಿಗೆ ಬರಬಹುದಿತ್ತು. ಬರಲಿಲ್ಲ. ಒಬ್ಬ ಮನುಷ್ಯ ಆಜ್ಞೆ ಮೀರಿದ್ರೆ ಒಂದು ಸಲ ಮೀರಿದ ಹಾಗೆ. ಪತ್ರಿಕೆ ಮೀರಿದ್ರೆ ಎಷ್ಟು ಪ್ರತಿ ಇದೆಯೋ ಅಷ್ಟು ಸಲ. ಒಂದು ಸಲ ಓದಿದ್ದನ್ನ ಓದಿಲ್ಲ ಅಂತ ಮಾಡೋಕೆ ನಮ್ಮಿಂದಲೂ ಆಗಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಆ ಮಾತಿಗೆ ಬರಲಿಲ್ಲ. ಟೇಕಲ್ಲಿನ ಬೆಂಚಿನ ಸುತ್ತ ನಿಂತು ಓದು ಕೇಳುತ್ತಿದ್ದ ಜನ ಕಣ್ಣ ಮುಂದೆ ಬಂದರು.

ತೀರ್ಪು ಇಂಗ್ಲಿಷಿನಲ್ಲಿ ಬರೆಸಿದರು. ಸುನಂದ ಮೇಡಂ ತಿರುಗಿ ಪಿಸುಗುಟ್ಟಿದರು. ತಪ್ಪಿತಸ್ಥೆ. ದಂಡ ಎರಡು ಸಾವಿರ. ಕಪ್ಪು ಚೌಕ ಇದ್ದ ಪುಟದಲ್ಲೇ, ಅಷ್ಟೇ ಜಾಗದಲ್ಲಿ ಕ್ಷಮಾಪಣೆ ಅಚ್ಚಾಗಬೇಕು. ಮತ್ತೆ ಸಜೆ.

“ಸಜೆ” ಎಂಬುದು ಕಿವಿಗೆ ಬಿದ್ದದ್ದೇ ಎದ್ದು ನಿಂತೆ. “ಯಾಕ್ ಸ್ವಾಮಿ, ನಿಜ ಹೇಳಿದ್ದಕ್ಕಾ...” ಎನ್ನುವಷ್ಟರಲ್ಲಿ ಮೇಡಂ ನನ್ನ ಅಂಗಿ ಹಿಡಿದು ಕೂರಿಸಿದರು.

“ನಿಮ್ಗೂ ಬೇಕಾ ಒಂದು ಕೇಸು? ಪೂರ್ತಿ ಕೇಳಿ. ಇವತ್ತು ಕೋರ್ಟ್ ಏಳೋವರೆಗೂ ಇಲ್ಲೇ ಕೂತಿರ್ಬೇಕು. ಅಷ್ಟೇ ಸಜೆ. ಜೈಲಿಲ್ಲ.”

ಇಂಥದ್ದೊಂದು ಶಿಕ್ಷೆ ಇದೆಯೆಂದು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಭಾರತಮ್ಮನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಒಬ್ಬ ಮಹಿಳಾ ಪೊಲೀಸ್. ದೊಡ್ಡನಾರಾಯಣಪ್ಪನವರು ಇಷ್ಟೇನಾ ಎಂಬಂತೆ ತಮ್ಮ ಲಾಯರನ್ನು ನೋಡಿ, ಬಿಳಿ ಅಂಗಿ ಕೊಡವಿಕೊಂಡು ಹೊರಟರು. ನಾನು ದಂಡ ಕಟ್ಟಿ ಬಂದು ಬಾಗಿಲ ಸಂದಿಯಿಂದ ಆಗಾಗ ಇಣುಕುತ್ತಿದ್ದೆ. ಪಾಪ, ಹೆಂಗಸು ಅವಮಾನದಿಂದ ಕುಗ್ಗಿ ಕೂತಿರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಕುತ್ತಿಗೆ ಉದ್ದ ಮಾಡಿಕೊಂಡು ಒಂದೊಂದು ಕೇಸನ್ನೂ ನೋಡುತ್ತಿದ್ದಾರೆ. ಅರ್ಥವಾಗದ ಕಡೆ ಪೊಲೀಸಮ್ಮನ ಕಿವಿಯಲ್ಲಿ ಏನೋ ಕೇಳುತ್ತಾರೆ, ಆಕೆ ಬಾಯಿಗೆ ಕೈ ಅಡ್ಡ ಇಟ್ಟು ಹೇಳುತ್ತಾಳೆ. ಮಧ್ಯಾಹ್ನ ಒಮ್ಮೆ ಇಣುಕಿದಾಗ ಇಬ್ಬರೂ ಒಟ್ಟಿಗೆ ತ್ಚ್ ತ್ಚ್ ಎನ್ನುತ್ತಿದ್ದರು.

ಸಂಜೆ ನ್ಯಾಯಮೂರ್ತಿಗಳು ಎದ್ದರು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಭಾರತಮ್ಮ ಒಬ್ಬರೇ ಕೂತಿದ್ದರು. ಕೂತಿರು ಎಂದು ಹೇಳಿದ್ದರಲ್ಲ!

“ಏಳಿ ಅಮ್ಮಾ, ನಿಮ್ ಶಿಕ್ಷೆ ಮುಗೀತು” ಎಂದಳು ಪೊಲೀಸಮ್ಮ.

“ಅಷ್ಟ್ ಬೇಗ ಮುಗೀತಾ?” ಎನ್ನುತ್ತಾ ಎದ್ದು ಬಂದರು. ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಕಣ್ಣು ಮಿನುಗುತ್ತಿತ್ತು.

“ಲೇ ಆಂಜಿನಪ್ಪ, ಒಬ್ಬ ಮೇಷ್ಟ್ರು ಬಂದಿದ್ರು ಕಣೋ. ರಿಟೈರ್ ಆಗಿ ಎಷ್ಟೋ ವರ್ಷ ಆಯ್ತಂತೆ. ಪಿಂಚಣಿ ಕೊಡ್ರಿ ಅಂತ ಕೋರ್ಟೇ ಹೇಳಿದ್ರೂ ಕೊಟ್ಟಿಲ್ಲ. ಆ ಆಫೀಸರು ಕೈ ಕಟ್ಕೊಂಡು ನಿಂತು ಬೆವರ್ತಾ ಇದ್ದ. ಯಾಕ್ ಕೊಟ್ಟಿಲ್ಲ ಅಂದ್ರೆ ಬಾಯೇ ಬಿಡ್ಲಿಲ್ಲ. ಯಾಕಿರ್ಬಹುದು?”

“ನಂಗೇನ್ ಗೊತ್ತು ಅಕ್ಕಾ? ನಡಿ, ಕೋಲಾರದ ಬಸ್ ಹೋಗುತ್ತೆ.”

“ಮುಂದಕ್ಕೆ ಹಾಕ್ಬಿಟ್ರು. ಒಳಗಡೆ ಹೋಗಿ ಅವ್ರ ಮುಂದಿನ ತಾರೀಕು ಯಾವತ್ತು ಅಂತ ಕೇಳ್ಕೊಂಡ್ ಬಾ. ಅವತ್ತು ಬರೋಣ.”

“ನಿಂಗೇನಾದ್ರೂ ಬುದ್ಧಿ ಐತಾ? ಈಗ ತಾನೇ ಬಿಟ್ಟವ್ರೆ, ಮತ್ತೆ ಇಲ್ಲಿಗೇ ಬರ್ತೀನಿ ಅಂತೀಯಲ್ಲಾ!”

“ಈ ಸಲ ಸುಮ್ನೆ ಕೂತು ಕೇಳೋಕೆ ಕಣೋ. ಅದಕ್ಕೂ ತಡೆಯಾಜ್ಞೆ ತಂದವ್ರಾ? ಹೋಗು ಹೋಗು, ಬಾಗ್ಲು ಹಾಕ್ತಾರೆ.”

ನಾನು ಬೈಯುತ್ತಲೇ ಒಳಗೆ ಹೋದೆ. ಬಾಗಿಲ ಹತ್ತಿರದ ಗುಮಾಸ್ತರು ಕಡತ ಕಟ್ಟುತ್ತಿದ್ದರು. ಪಿಂಚಣಿ ಮೇಷ್ಟ್ರ ಕೇಸಿನ ತಾರೀಕು ಕೇಳಿದೆ.

“ನೀವು ಅವ್ರಿಗೆ ಏನಾಗ್ಬೇಕು?” ಎಂದರು ಅವರು.

“ಏನೂ ಆಗ್ಬೇಕಿಲ್ಲ ಸಾರ್” ಎಂದೆ. “ಆ ಆಫೀಸರು ಯಾಕ್ ಕೊಡ್ಲಿಲ್ಲ ಅಂತ ಗೊತ್ತಾಗ್ಬೇಕು.”